ಬಂಡಿಮನೆಯ ಪಾಠಶೋಧನೆ



34 ವರ್ಷಗಳ ಕಾಲ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ವಿದ್ಯುತ್ತಿನ ದೋಷಗಳನ್ನು ಹುಡುಕುವ ಬಗೆಯನ್ನು ಕುರಿತು ಮಾತನಾಡಲು ಬಾನುಲಿಯ ಮುಂದೆ ಬಂದು ಕುಳಿತಿದ್ದಾನೆಂದರೆ ತಮ್ಮಲ್ಲಿ ಕೆಲವರಿಗಾದರೂ ನಗು ಬಂದೀತು. ಬರಲಿ. ನಮ್ಮ ಮನೆಯಲ್ಲಿ ಫ್ಯೂಸು ಹೋದ ರಾತ್ರಿ ಮೇಣದ ಬತ್ತಿ ಹಚ್ಚುವವಳು ನನ್ನ ಪತ್ನಿ. ಫ್ಯೂಸಿಗೆ ತಂತಿ ಕಟ್ಟುವವನು ಪಕ್ಕದ ಮನೆಯ ಹುಡುಗ. ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಯಾರೂ ಎಡವದಂತೆ ಎಚ್ಚರಿಕೆ ಹೇಳುವುದಷ್ಟೇ ನನ್ನ ಪಾಲಿನ ಕರ್ತವ್ಯ. ಇಂಥವನಿಗೆ ಒಂದು ರಾತ್ರಿ, ಸ್ವದೇಶದಿಂದ ಸಾವಿರಾರು ಮೈಲಿ ದೂರದ ಒಂದು ಕಾಡಿನಲ್ಲಿ, ಹಲ್ಲು ಕಟಕಟಿಸುವ ಚಳಿಯಲ್ಲಿ, ಒಂದು ತಂತಿಯ ಕಥೆ ಅರ್ಥವಾಯಿತು. ಅದನ್ನು ತಮ್ಮೊಡನೆ ಹಂಚಿಕೊಳ್ಳಬೇಕೆಂಬ ಆಸೆಯಿಂದ ಈ ನಾಲ್ಕು ಮಾತು.

ನನ್ನ ಮಗ ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ನಗರದ ಹೊರವಲಯದಲ್ಲಿ ನೆಲಸಿದ್ದಾನೆ. 2022ರ ಸೆಪ್ಟೆಂಬರಿನಲ್ಲಿ ನಾವು ಗಂಡಹೆಂಡಿರು ಅವನ ಮನೆಗೆ ಹೋದೆವು. ಆ ಮನೆಯ ಪಕ್ಕದಲ್ಲಿ ಇನ್ನೊಂದು ಮನೆ ನಿಂತಿತ್ತು. ಅದಕ್ಕೆ ನಾಲ್ಕು ಗಾಲಿಗಳಿದ್ದವು. ಅಲ್ಲಿಯವರು ಅದನ್ನು ಕ್ಯಾಂಪರ್ ಟ್ರೇಲರ್ ಎನ್ನುತ್ತಾರೆ. ಆರು ವರ್ಷದ ಮೊಮ್ಮಗಳು ಕೈಹಿಡಿದು ಒಳಕ್ಕೆ ಕರೆದೊಯ್ದು ತೋರಿಸಿದಾಗ ನನ್ನ ಬಾಯಿಂದ ತಾನಾಗಿ ಬಂದ ಹೆಸರು 'ಬಂಡಿಮನೆ'. ನಮ್ಮ ಹಿರಿಯರು ಕಮಾನುಗಾಡಿಗೆ ಎತ್ತು ಹೂಡಿ, ಒಳಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿ, ಬುತ್ತಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಿರಲಿಲ್ಲವೆ? ಇದೂ ಅದೇ ವಂಶದ್ದು. ಎತ್ತಿನ ಬದಲು ಮುಂದೆ ಒಂದು ದೊಡ್ಡ ಪಿಕಪ್ ವಾಹನ ಎಳೆಯುತ್ತದೆ. ಒಳಗೆ ಮಲಗಲು ಮಂಚ, ಅಡಿಗೆಗೆ ಗ್ಯಾಸಿನ ಒಲೆ, ನಲ್ಲಿ, ಬಚ್ಚಲು, ತಂಗಳುಪೆಟ್ಟಿಗೆ, ಚಳಿಗೆ ಗ್ಯಾಸಿನಿಂದಲೇ ಉರಿಯುವ ಒಂದು ಬಿಸಿಗಾಳಿಯ ಯಂತ್ರ, ಎಲ್ಲವೂ ಉಂಟು. ನನ್ನ ಪತ್ನಿ ಹೊರಗಿನ ಊಟ ಮಾಡುವವಳಲ್ಲ; ಜೊತೆಗೆ ಉಬ್ಬಸದ ಬಾಧೆ. 'ಅಮ್ಮನಿಗೆ ಹೋಟೆಲು ಆಗೋಲ್ಲ. ಅವಳ ಅಡಿಗೆಮನೆಯನ್ನೇ ಜೊತೆಗೆ ಒಯ್ದರೆ ಈ ದೇಶ ತೋರಿಸಬಹುದು' ಎಂದು ಮಗ ಎರಡು ವರ್ಷ ಮೊದಲೇ ಇದನ್ನು ಹಳೆಯದಾಗಿ ಕೊಂಡಿದ್ದನಂತೆ. ಇದು ಸೊಸೆಯ ಬಾಯಿಂದ ತಿಳಿದದ್ದು; ಅವನು ಹೇಳಿಕೊಳ್ಳುವವನಲ್ಲ.

ಈ ಬಂಡಿಮನೆಯಲ್ಲಿ ಎರಡು ಬಗೆಯ ವಿದ್ಯುತ್ತು ಒಂದೇ ಸೂರಿನ ಕೆಳಗೆ ಬಾಳುವೆ ಮಾಡುತ್ತವೆ. ಮೊದಲನೆಯದು ಊರಿನ ವಿದ್ಯುತ್ತು, ಆ ದೇಶದಲ್ಲಿ 120 ವೋಲ್ಟಿನದು. ಬಿಡಾರದ ತಾಣದಲ್ಲಿ ಕಂಬವಿದ್ದರೆ ಅದರಿಂದ ದಪ್ಪ ಹುರಿಯಂಥ ತಂತಿಯೊಂದನ್ನು ಎಳೆದು ಮನೆಗೆ ಚುಚ್ಚುತ್ತಾರೆ. ಎರಡನೆಯದು ಬ್ಯಾಟರಿಯ ವಿದ್ಯುತ್ತು, 12 ವೋಲ್ಟಿನದು. ದೀಪ, ನಲ್ಲಿಗೆ ನೀರೊತ್ತುವ ಪಂಪು, ಬಿಸಿಗಾಳಿ ಯಂತ್ರದ ಫ್ಯಾನು, ವಿಷಾನಿಲದ ಸುಳಿವು ಸಿಕ್ಕರೆ ಕೂಗಿಕೊಳ್ಳುವ ಗಂಟೆ, ಇವೆಲ್ಲ ಬ್ಯಾಟರಿಯ ಮಕ್ಕಳು. ಈ ಎರಡರ ನಡುವೆ ದುಭಾಷಿಯಂತೆ ಒಂದು ಪರಿವರ್ತಕ ಕುಳಿತಿರುತ್ತದೆ. ಊರಿನ ವಿದ್ಯುತ್ತು ಸಿಕ್ಕಿದಾಗ ಅದು 120 ವೋಲ್ಟನ್ನು ಹದಿಮೂರೂವರೆ ವೋಲ್ಟಿಗೆ ಇಳಿಸಿ, ದೀಪ ಫ್ಯಾನುಗಳನ್ನೂ ತಾನೇ ನಡೆಸಿ, ಬ್ಯಾಟರಿಗೂ ಒಂದಿಷ್ಟು ಉಣಿಸುತ್ತದೆ. ಶ್ರೋತೃಗಳು ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಕಥೆಯ ಗಂಟು ಇರುವುದು ಇಲ್ಲಿಯೇ.

ಅಕ್ಟೋಬರ್ ನಡುವಿನಲ್ಲಿ ನಾವು ಐವರೂ ಯೂಟಾ ರಾಜ್ಯದ ಬ್ರೈಸ್ ಕ್ಯಾನ್ಯನ್‌ಗೆ ಹೊರಟೆವು. 1928ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿದ ಸ್ಥಳ ಅದು. ಸುಮಾರು 8,000 ಅಡಿ ಎತ್ತರದ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಕೆಂಪು, ಕಿತ್ತಳೆ, ಕೆನೆ ಬಣ್ಣದ ಕಲ್ಲುಕಂಬಗಳು ಸಾವಿರಗಟ್ಟಲೆ ಎದ್ದು ನಿಂತಿವೆ. ಕಲ್ಲಿನ ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ. ಹೀಗೆ ಹಿಗ್ಗಿ ಕರಗಿ ಬಂಡೆಯನ್ನು ಸೀಳುತ್ತ ಬಂದದ್ದರ ಫಲ ಆ ಕಂಬಗಳು. ಅಲ್ಲಿಯ ಮೂಲನಿವಾಸಿಗಳಾದ ಪೈಯೂಟ್ ಜನರು ಅವನ್ನು ಶಾಪದಿಂದ ಕಲ್ಲಾದ ಪುರಾತನರೆಂದು ಹೇಳುತ್ತಾರೆ. ಅಹಲ್ಯೆಯ ಕಥೆ ಕೇಳಿ ಬೆಳೆದವನಿಗೆ ಅದೇನೂ ಹೊಸದೆನಿಸಲಿಲ್ಲ. ಆ ಹಗಲು ನನ್ನ ಪತ್ನಿ ಅಂಚಿನ ಬೆಂಚಿನ ಮೇಲೆ ಒಂದು ಗಂಟೆ ಮಾತಿಲ್ಲದೆ ಕುಳಿತಿದ್ದಳು. ಮಗ ಅವಳ ಮುಖವನ್ನೇ ನೋಡುತ್ತಿದ್ದ.

ಉದ್ಯಾನದೊಳಗಿನ ಬಿಡಾರದ ತಾಣದಲ್ಲಿ ವಿದ್ಯುತ್ತಿನ ಕಂಬಗಳಿಲ್ಲ. ರಾತ್ರಿಯೆಲ್ಲ ಬ್ಯಾಟರಿಯೇ ಗತಿ. ಹೊಸ ಬ್ಯಾಟರಿ, ಹೆದರಿಕೆಯಿಲ್ಲ ಎಂದು ಮಗ ಹೇಳಿದ್ದ. ಹತ್ತು ಗಂಟೆಯ ವೇಳೆಗೆ ಹೊರಗೆ ಶೂನ್ಯಕ್ಕಿಂತ ಕೆಳಗೆ ಇಳಿದಿತ್ತು. ಬಿಸಿಗಾಳಿ ಯಂತ್ರದ ಗುಂಡಿ ತಿರುಗಿಸಿದರೆ ಫ್ಯಾನು ಮುಲುಗುತ್ತ ತಿರುಗಿತೇ ಹೊರತು ಉರಿ ಹತ್ತಲಿಲ್ಲ. ಸ್ವಲ್ಪ ಹೊತ್ತು ತಣ್ಣನೆಯ ಗಾಳಿಯನ್ನೇ ಊದಿ ನಿಂತಿತು. ಮತ್ತೆ ತಿರುಗಿಸಿದ, ಮತ್ತೆ ಅದೇ. ಗ್ಯಾಸು ತುಂಬಿತ್ತು, ಒಲೆ ಚೆನ್ನಾಗಿ ಉರಿಯುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತಾಯಿತು. ಹನ್ನೊಂದರ ಹೊತ್ತಿಗೆ ನನ್ನ ಪತ್ನಿಯ ಎದೆಯಲ್ಲಿ ಗೊರಗೊರ ಸದ್ದು ಕೇಳತೊಡಗಿತು. ಮಗು ಎರಡು ಕಂಬಳಿಯೊಳಗೂ ನಡುಗುತ್ತಿತ್ತು.

ಈ ಬೇನೆ ಹೊಸದಲ್ಲವೆಂದು ಆಗ ತಿಳಿಯಿತು. ಹಿಂದೆ ಎರಡು ಸಲ ಕಾಡಿನಲ್ಲಿ ಹೀಗೆಯೇ ಆಗಿತ್ತು. ಎರಡು ಸಲವೂ ಮಗ ಅದನ್ನು ಒಂದು ರಿಪೇರಿ ಅಂಗಡಿಗೆ ಒಯ್ದಿದ್ದ. ಅವರು ಊರಿನ ವಿದ್ಯುತ್ತಿಗೆ ಸಿಕ್ಕಿಸಿ ನೋಡಿದರು; ದೀಪ, ಪಂಪು, ಫ್ಯಾನು ಎಲ್ಲವೂ ಸರಿಯಾಗಿ ನಡೆದವು. ಯಂತ್ರದಲ್ಲಿ ದೋಷವಿಲ್ಲ, ಬ್ಯಾಟರಿ ಮುದಿಯಾಗಿದೆ ಎಂದು ಹೇಳಿ ಹೊಸದು ಹಾಕಿ ಹಣ ಪಡೆದರು. ಎರಡನೆಯ ಸಲವೂ ಅದೇ ನಿದಾನ, ಅದೇ ಚಿಕಿತ್ಸೆ, ಅದೇ ಬಿಲ್ಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಎಲ್ಲ ದೇಶಕ್ಕೂ ಸಲ್ಲುತ್ತದೆ.

ಮಗ ಟಾರ್ಚು ಹಿಡಿದು ಒಳಗೂ ಹೊರಗೂ ಓಡಾಡಿದ. ಒಂದೊಂದೇ ಫ್ಯೂಸು ಕಿತ್ತು ನೋಡಿದ, ಯಾವುದೂ ಸುಟ್ಟಿರಲಿಲ್ಲ. ಬ್ಯಾಟರಿಯಿಂದ ಬರುವ ಕೆಂಪು ತಂತಿಯ ಜೋಡಣೆಗಳನ್ನೆಲ್ಲ ಬಿಗಿಮಾಡಿದ. ನಾನು ಬಾಗಿಲಿನಲ್ಲಿ ನಿಂತು, 'ಅದನ್ನು ನೋಡಿದೆಯಾ, ಇದನ್ನು ನೋಡಿದೆಯಾ' ಎಂದು ಕೇಳುತ್ತಿದ್ದೆ. ಅವನು ತಲೆಯೆತ್ತದೆ, 'ಅಪ್ಪ, ಇದೆಲ್ಲ ನಿಮಗೆ ಅರ್ಥವಾಗೋಲ್ಲ. ಒಳಗೆ ಹೋಗಿ ಕೂತುಕೊಳ್ಳಿ' ಎಂದ. ದನಿಯಲ್ಲಿ ಸಿಟ್ಟಿತ್ತು. ನನಗೆ ನೋವಾಯಿತು, ಆದರೆ ಆ ಮಾತು ಎಲ್ಲಿಯೋ ಕೇಳಿದ್ದಾಗಿತ್ತು. ಅವನು ಹತ್ತು ವರ್ಷದವನಿದ್ದಾಗ ನಾನು ಓಲೆಗರಿಯ ಕಟ್ಟುಗಳನ್ನು ಹರಡಿಕೊಂಡು ಕುಳಿತ ಕೋಣೆಗೆ ಬಂದು, 'ಇದರಲ್ಲಿ ಏನು ಹುಡುಕ್ತೀರಿ ಅಪ್ಪ' ಎಂದು ಕೇಳುತ್ತಿದ್ದ. ನಿನಗೆ ಅರ್ಥವಾಗೋಲ್ಲ, ಹೊರಗೆ ಹೋಗಿ ಆಡು ಎಂದು ಕಳಿಸುತ್ತಿದ್ದವನು ನಾನೇ. ಕೆಲವು ಕಾಲದ ಮೇಲೆ ಅವನು ಕೇಳುವುದನ್ನು ಬಿಟ್ಟ.

ಒಳಗೆ ಬಂದು ಕುಳಿತವನು ಸುಮ್ಮನಿರಲಾರದೆ ಒಂದು ಅನಾಹುತಕ್ಕೆ ಕೈಹಾಕಿದೆ. 'ಒಲೆಯ ಎರಡು ಉರಿಗಳನ್ನೂ ಹಚ್ಚಿ ಕಿಟಕಿ ಮುಚ್ಚಿದರೆ ಮನೆ ಬೆಚ್ಚಗಾಗುತ್ತದೆ' ಎಂದು ಸೊಸೆಗೆ ಹೇಳಿ ಬೆಂಕಿಪೊಟ್ಟಣ ಎತ್ತಿದೆ. ಅವಳು ನನ್ನ ಕೈ ಹಿಡಿದಳು. 'ಬೇಡಿ ಮಾವ, ಹಾಗೆ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ ಅಂತ ಪ್ರತಿ ಚಳಿಗಾಲವೂ ಪತ್ರಿಕೆಯಲ್ಲಿ ಬರುತ್ತೆ' ಎಂದಳು. ಮುಚ್ಚಿದ ಸಣ್ಣ ಕೋಣೆಯಲ್ಲಿ ಒಲೆ ಉರಿಯುತ್ತ ಗಾಳಿ ಸಾಲದಾದರೆ ಇಂಗಾಲದ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಅದನ್ನು ಕಂಡು ಕೂಗಬೇಕಾದ ಗಂಟೆಯೂ ಅದೇ ಬ್ಯಾಟರಿಯನ್ನು ನಂಬಿದ್ದು, ಆಗಲೇ ವಿದ್ಯುತ್ತು ಸಾಲದೆಂದು ಆಗಾಗ್ಗೆ ಕೀಚುತ್ತಿತ್ತು. ಬಂಡಿಮನೆಯಲ್ಲಿ ಅಡಿಗೆಯ ಒಲೆಯಿಂದ ಚಳಿ ಕಾಯಿಸಬಾರದು ಎಂಬುದು ಆ ರಾತ್ರಿ ನಾನು ಕಲಿತ ಮೊದಲ ಪಾಠ.

ನಮ್ಮ ಗಡಿಬಿಡಿಯನ್ನು ಕಂಡು ಪಕ್ಕದ ಬಿಡಾರದಿಂದ ಒಬ್ಬ ವೃದ್ಧರು ಬಂದರು. ಎಪ್ಪತ್ತು ದಾಟಿದವರು; ರೈಲ್ವೆಯಲ್ಲಿ ಸಿಗ್ನಲ್ಲುಗಳನ್ನು ದುರಸ್ತಿಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಕೈಯಲ್ಲಿ ವೋಲ್ಟು ಅಳೆಯುವ ಮೀಟರಿತ್ತು. ಆದರೆ ಬಂದವರೇ ಅದನ್ನು ಎಲ್ಲಿಗೂ ಮುಟ್ಟಿಸಲಿಲ್ಲ. ನಮ್ಮ ಮೆಟ್ಟಿಲ ಮೇಲೆ ಕುಳಿತು, 'ಮೊದಲು ಏನೇನು ನಡೆಯುತ್ತದೆ, ಏನೇನು ನಡೆಯುವುದಿಲ್ಲ, ಅದನ್ನು ಹೇಳಿ' ಎಂದರು. ಮಗ ವಿವರಿಸಿದ: ದೀಪಗಳು ಉರಿಯುತ್ತವೆ, ಪಂಪು ನಡೆಯುತ್ತದೆ ಆದರೆ ಸೋತಂತೆ, ಬಿಸಿಗಾಳಿ ಯಂತ್ರ ಹತ್ತುವುದಿಲ್ಲ, ಬ್ಯಾಟರಿಗೆ ಮೀಟರಿಟ್ಟರೆ 12.6 ವೋಲ್ಟು ತೋರಿಸುತ್ತದೆ. ತುಂಬಿದ ಬ್ಯಾಟರಿಯ ಲಕ್ಷಣ ಅದೇ. ಆಗ ಕಂಬಳಿಯೊಳಗಿಂದ ಮೊಮ್ಮಗಳು ತಲೆಹಾಕಿ, 'ತಾತ, ನಲ್ಲಿ ಬಿಟ್ಟರೆ ದೀಪಕ್ಕೆ ನಿದ್ದೆ ಬರುತ್ತೆ' ಎಂದಳು. ನಾನು ಎದ್ದು ನಲ್ಲಿ ತಿರುಗಿಸಿದೆ. ಪಂಪು ಗುರ್ ಎಂದಿತು. ತಲೆಯ ಮೇಲಿನ ದೀಪ ಮಂಕಾಯಿತು. ನಿಲ್ಲಿಸಿದೆ, ದೀಪ ಮತ್ತೆ ಕಣ್ಣು ಬಿಟ್ಟಿತು.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಬೇಕು. ಎಂ.ಎ. ತರಗತಿಗೆ ನಾನು ಬಹುಕಾಲ ಗ್ರಂಥಸಂಪಾದನೆಯನ್ನು ಪಾಠ ಹೇಳಿದವನು. ಹಳೆಯ ಕಾವ್ಯವೊಂದಕ್ಕೆ ಐದಾರು ಓಲೆಯ ಪ್ರತಿಗಳು ಸಿಕ್ಕುತ್ತವೆ ಎನ್ನೋಣ. ಒಂದು ಪದ್ಯದಲ್ಲಿ ಒಂದೇ ಪ್ರತಿ ತಪ್ಪಿದ್ದು ಉಳಿದವು ಸರಿಯಿದ್ದರೆ, ಆ ಪ್ರತಿಯನ್ನು ಬರೆದ ಲಿಪಿಕಾರನೇ ಎಡವಿದ್ದಾನೆ. ಆದರೆ ಬೇರೆ ಬೇರೆ ಊರಿನ ನಾಲ್ಕು ಪ್ರತಿಗಳಲ್ಲಿ ಅದೇ ಪದ್ಯದ ಅದೇ ಅಕ್ಷರ ಅದೇ ರೀತಿ ತಪ್ಪಿದ್ದರೆ, ನಾಲ್ವರು ಲಿಪಿಕಾರರೂ ಒಂದೇ ಕಡೆ ಎಡವಿದರೆಂದು ನಂಬುವುದು ಕಷ್ಟ. ತಪ್ಪು ಅವರದಲ್ಲ, ಅವರೆಲ್ಲ ನೋಡಿ ಬರೆದ ಒಂದು ಮಾತೃಕೆಯದು. ಸಮಾನ ದೋಷ ಸಮಾನ ಮೂಲವನ್ನು ಸೂಚಿಸುತ್ತದೆ. ಇದನ್ನು ನಾನು ಕರಿಹಲಗೆಯ ಮೇಲೆ ಮರದಂತೆ ಚಿತ್ರ ಬರೆದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಆದುದರಿಂದ ಮಗನನ್ನು ಕೇಳಿದೆ: 'ದೀಪಕ್ಕೂ ಪಂಪಿಗೂ ಫ್ಯೂಸು ಒಂದೇಯೇ?' 'ಅಲ್ಲ ಅಪ್ಪ, ಬೇರೆ ಬೇರೆ.' 'ಬಿಸಿಗಾಳಿಯದು?' 'ಅದೂ ಬೇರೆ.' 'ಹಾಗಾದರೆ ಪಂಪು ಹಸಿದರೆ ದೀಪ ಯಾಕೆ ಸೊರಗಬೇಕು? ಇಬ್ಬರೂ ಉಣ್ಣುವ ಬಟ್ಟಲು ಒಂದೇ ಇರಬೇಕಲ್ಲ. ಈ ಕೊಂಬೆಗಳು ಕೂಡುವ ಬೊಡ್ಡೆ ಎಲ್ಲಿದೆ?' ಅವನು ನನ್ನ ಮುಖ ನೋಡಿದ. ಆ ರಾತ್ರಿ ಅವನು ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು. 'ಎಲ್ಲ ಕೂಡೋದು ಫ್ಯೂಸಿನ ಪೆಟ್ಟಿಗೆಯಲ್ಲಿ. ಅಲ್ಲಿಂದ ಬ್ಯಾಟರಿಗೆ ಒಂದೇ ದಾರಿ. ಆ ದಾರಿಯನ್ನೆಲ್ಲ ನಾನು ಬಿಗಿಮಾಡಿದ್ದೇನೆ' ಎಂದ. ನಮ್ಮ ಮಾತನ್ನು ಅವನೇ ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಆ ವೃದ್ಧರು ನಕ್ಕರು. 'ನಿಮ್ಮ ತಂದೆ ಸರಿಯಾಗಿ ಕೇಳಿದರು. ಆದರೆ ನೀವು ಬಿಗಿಮಾಡಿದ್ದು ಹೋಗುವ ದಾರಿ. ವಿದ್ಯುತ್ತು ಹಿಂದಿರುಗುವ ದಾರಿಯನ್ನು ನೋಡಿದಿರಾ?' ಎಂದರು.

ವಿದ್ಯುತ್ತು ಬ್ಯಾಟರಿಯ ಒಂದು ಕೊನೆಯಿಂದ ಹೊರಟು, ದೀಪವನ್ನೋ ಫ್ಯಾನನ್ನೋ ಹಾದು, ಇನ್ನೊಂದು ಕೊನೆಗೆ ಮರಳಬೇಕು. ಮರಳುವ ದಾರಿ ಕೆಟ್ಟರೆ ಹೋಗುವ ದಾರಿ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಬಂಡಿಮನೆಯಲ್ಲಿ ಈ ಮರಳುವ ದಾರಿ ಅದರ ಕೆಳಗಿನ ಉಕ್ಕಿನ ಚೌಕಟ್ಟು. ಎಲ್ಲ ತಂತಿಗಳೂ ಹಿಂದಿರುಗಿ ಅದಕ್ಕೆ ಸೇರುತ್ತವೆ. ಚೌಕಟ್ಟಿನಿಂದ ಬ್ಯಾಟರಿಗೆ ಒಂದು ಬೋಲ್ಟಿನ ಮೂಲಕ ಒಂದೇ ತಂತಿ. ಅಲ್ಲಿಯವರು ಈ ಚೌಕಟ್ಟನ್ನು 'ಗ್ರೌಂಡು', ಎಂದರೆ ನೆಲ, ಎನ್ನುತ್ತಾರೆ. ರಬ್ಬರ್ ಗಾಲಿಗಳ ಮೇಲೆ ನಿಂತ ಮನೆಗೆ ನಿಜವಾದ ನೆಲದ ಸಂಪರ್ಕವಿಲ್ಲ. ತನ್ನ ನೆಲವನ್ನು ಅದು ತಾನೇ ಹೊತ್ತುಕೊಂಡು ತಿರುಗುತ್ತದೆ.

ವೃದ್ಧರು ಬಿಸಿಗಾಳಿಯ ಫ್ಯಾನನ್ನು ತಿರುಗಲು ಬಿಟ್ಟು, ಅದು ತಿರುಗುತ್ತಿರುವಾಗಲೇ ಅಳತೆಗೆ ತೊಡಗಿದರು. 'ಹೊರೆಯಿಲ್ಲದಾಗ ಎಲ್ಲರೂ ಬಲಶಾಲಿಗಳೇ. ಹೊರೆ ಹೊತ್ತಾಗ ನೋಡಬೇಕು' ಎಂಬುದು ಅವರ ಮಾತಿನ ಸಾರ. ಬ್ಯಾಟರಿಯ ಎರಡು ಕೊನೆಗಳ ನಡುವೆ 12.5 ವೋಲ್ಟು. ಒಳಗೆ ಫ್ಯೂಸಿನ ಪೆಟ್ಟಿಗೆಯಲ್ಲಿ ಬರಿಯ 9.4. ಹಾಗಾದರೆ ದಾರಿಯಲ್ಲಿ 3.1 ವೋಲ್ಟು ಕಳುವಾಗಿದೆ. ಕಳ್ಳ ಹೋಗುವ ದಾರಿಯಲ್ಲಿದ್ದಾನೆಯೋ ಬರುವ ದಾರಿಯಲ್ಲಿದ್ದಾನೆಯೋ? ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ಕೊನೆಗೂ ಇನ್ನೊಂದನ್ನು ಪೆಟ್ಟಿಗೆಯ ಕೆಂಪು ತಂತಿಗೂ ಮುಟ್ಟಿಸಿದರು: 0.2 ವೋಲ್ಟು. ಆ ದಾರಿ ನಿರ್ದೋಷಿ. ಬಳಿಕ ಬ್ಯಾಟರಿಯ ಋಣ ಕೊನೆಗೂ ಚೌಕಟ್ಟಿನ ಹೊಳೆಯುವ ಉಕ್ಕಿಗೂ ಮುಟ್ಟಿಸಿದರು. ಅಲ್ಲಿ ಸೊನ್ನೆಗೆ ಸಮೀಪವಿರಬೇಕಾದದ್ದು 2.9 ತೋರಿಸಿತು. ಲೆಕ್ಕ ಕೂಡಿತು: 0.2 ಮತ್ತು 2.9 ಸೇರಿ 3.1. ಮಗ ಆ ಬೋಲ್ಟಿನ ಮೇಲೆ ಕೈಯಿಟ್ಟು, 'ಅಪ್ಪ, ಮುಟ್ಟಿ ನೋಡಿ' ಎಂದ. ಮಂಜು ಬೀಳುತ್ತಿದ್ದ ಆ ರಾತ್ರಿ ಅದೊಂದೇ ಬೆಚ್ಚಗಿತ್ತು. ಒಳಗೆ ಹತ್ತಬೇಕಾದ ಬಿಸಿ ಹೊರಗೆ ಒಂದು ತುಕ್ಕುಹಿಡಿದ ಬೋಲ್ಟನ್ನು ಕಾಯಿಸುತ್ತಿತ್ತು.

ಜರ್ಮನಿಯ ಗೇಯೋರ್ಗ್ ಓಮ್ ಎಂಬ ಉಪಾಧ್ಯಾಯರು 1827ರಲ್ಲಿ ಪ್ರಕಟಿಸಿದ ನಿಯಮವೇ ಇದರ ಕೀಲಿಕೈ. ಪ್ರವಾಹಕ್ಕೆ ಎದುರಾಗುವ ತಡೆಯನ್ನು ಪ್ರವಾಹದಿಂದ ಗುಣಿಸಿದರೆ ಅಲ್ಲಿ ನಷ್ಟವಾಗುವ ವೋಲ್ಟು ಸಿಕ್ಕುತ್ತದೆ. ಆ ಬೋಲ್ಟಿನಲ್ಲಿ ತುಕ್ಕಿನಿಂದ ಸುಮಾರು ಅರ್ಧ ಓಮಿನ ತಡೆ ಹುಟ್ಟಿತ್ತು. ದೀಪವೊಂದು ಸೇದುವುದು ಅರ್ಧ ಆಂಪಿಯರಿಗೂ ಕಡಿಮೆ. ನಷ್ಟ ಕಾಲು ವೋಲ್ಟನ್ನೂ ಮುಟ್ಟದು, ಯಾರ ಕಣ್ಣಿಗೂ ಬೀಳದು. ಮೀಟರು ಸೇದುವುದಂತೂ ಇಲ್ಲವೆನ್ನುವಷ್ಟು ಅಲ್ಪ. ಆದುದರಿಂದ ಏನೂ ನಡೆಯದಿರುವಾಗ ಅದಕ್ಕೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಫ್ಯಾನು ಆರು ಆಂಪಿಯರ್ ಕೇಳಿದೊಡನೆ ಮೂರು ವೋಲ್ಟು ದಾರಿಯಲ್ಲೇ ಮಾಯ. ಫ್ಯಾನು ತಕ್ಕ ವೇಗದಿಂದ ತಿರುಗಿದರೆ ಅದರ ಗಾಳಿಗೆ ಒಂದು ಸಣ್ಣ ಹಲಗೆ ತಳ್ಳಿಕೊಂಡು ಸ್ವಿಚ್ಚನ್ನು ಮುಚ್ಚುತ್ತದೆ. ಸ್ವಿಚ್ಚು ಮುಚ್ಚಿದರೆ ಮಾತ್ರ ಗ್ಯಾಸು ಬಿಡುಗಡೆಯಾಗಿ ಕಿಡಿ ಹಾರುತ್ತದೆ. ಗಾಳಿಯಿಲ್ಲದೆ ಗ್ಯಾಸು ಉರಿಯಬಾರದೆಂಬ ಮುನ್ನೆಚ್ಚರಿಕೆ ಅದು. ನಮ್ಮ ಫ್ಯಾನು ತಿರುಗುತ್ತಿತ್ತು; ಆ ಹಲಗೆಯನ್ನು ತಳ್ಳುವಷ್ಟು ಕಸುವು ಅದಕ್ಕಿರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ, ತನ್ನ ಕಟ್ಟಳೆಯನ್ನು ಪಾಲಿಸುತ್ತಿತ್ತು.

ರಿಪೇರಿ ಅಂಗಡಿಯವರಿಗೆ ಇದು ಏಕೆ ಕಾಣಲಿಲ್ಲ? ಅವರು ಊರಿನ ವಿದ್ಯುತ್ತಿಗೆ ಸಿಕ್ಕಿಸಿ ನೋಡಿದರು. ಆಗ ದೀಪ ಫ್ಯಾನುಗಳನ್ನು ನಡೆಸುವುದು ಪರಿವರ್ತಕ. ಅದು ಇರುವುದು ಫ್ಯೂಸಿನ ಪೆಟ್ಟಿಗೆಯ ಬಗಲಲ್ಲಿ. ಅಲ್ಲಿಂದ ಹೊರಟ ವಿದ್ಯುತ್ತು ಅಲ್ಲಿಗೇ ಮರಳುತ್ತದೆ, ಮುಂಭಾಗದ ಆ ಬೋಲ್ಟಿನ ಕಡೆಗೆ ಸುಳಿಯುವುದೇ ಇಲ್ಲ. ಊರಲ್ಲಿ ನೆಟ್ಟಗಿದ್ದು ಕಾಡಿನಲ್ಲಿ ಕೆಡುವ ದೋಷವನ್ನು ಊರಲ್ಲಿ ಹುಡುಕಿದರೆ ಸಿಕ್ಕುವುದೆಂತು? ಬೇನೆ ಯಾವ ಸ್ಥಿತಿಯಲ್ಲಿ ಕಾಣುತ್ತದೆಯೋ ಆ ಸ್ಥಿತಿಯಲ್ಲೇ ನಾಡಿ ಹಿಡಿಯಬೇಕು.

ಪರಿಹಾರ ನಗು ಬರುವಷ್ಟು ಸರಳವಾಗಿತ್ತು. ಕಾರಿನ ಬ್ಯಾಟರಿ ಸತ್ತಾಗ ಇನ್ನೊಂದು ಕಾರಿನಿಂದ ಜೀವ ಕೊಡಲು ಬಳಸುವ, ಎರಡು ತುದಿಗೂ ಚಿಮಟವಿರುವ ದಪ್ಪ ತಂತಿ ಪಿಕಪ್ಪಿನಲ್ಲಿತ್ತು. ಅದರ ಒಂದು ಚಿಮಟವನ್ನು ಮೊದಲು ಬ್ಯಾಟರಿಯ ಋಣ ಕೊನೆಗೆ, ಆಮೇಲೆ ಇನ್ನೊಂದನ್ನು ಬ್ಯಾಟರಿಯಿಂದ ಆದಷ್ಟು ದೂರದಲ್ಲಿ ಚೌಕಟ್ಟಿಗೆ ಸಿಕ್ಕಿಸಿದರು. ಬ್ಯಾಟರಿಯ ಬಳಿ ಜಲಜನಕ ಇರಬಹುದಾದ್ದರಿಂದ ಕಿಡಿ ಅಲ್ಲಿ ಹಾರಕೂಡದು. ಫ್ಯಾನಿನ ಮುಲುಗು ನಿಂತು ಭರ್ರನೆ ಸದ್ದಾಯಿತು. ನಾವೆಲ್ಲ ಉಸಿರು ಬಿಗಿಹಿಡಿದೆವು. ಹದಿನೈದು ಇಪ್ಪತ್ತು ಎಣಿಸುವಷ್ಟರಲ್ಲಿ ಟಿಕ್ ಟಿಕ್ ಎಂದು ಕಿಡಿ, ಹಿಂದೆಯೇ ಉರಿ ಹತ್ತಿದ ಮೆಲು ಸದ್ದು. ಸೊಸೆ ಅತ್ತೆಯನ್ನು ಬಿಸಿಗಾಳಿಯ ಕಿಂಡಿಯ ಮುಂದೆ ಕೂರಿಸಿದಳು. ಒಂದು ಗಂಟೆಯೊಳಗೆ ಅವಳ ಉಸಿರು ಹದಕ್ಕೆ ಬಂತು. ಆ ವೃದ್ಧರಿಗೆ ನಾವು ಕೊಡಬಹುದಾಗಿದ್ದದ್ದು ಒಂದು ಲೋಟ ಬಿಸಿ ಕಾಫಿ. ಅದನ್ನು ಅವರು ಎರಡು ಸಲ ಕೇಳಿ ಕುಡಿದರು.

ಬೆಳಿಗ್ಗೆ ಬಿಸಿಲೇರಿದ ಮೇಲೆ ನಿಜವಾದ ದುರಸ್ತಿ. ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು, ಜೋಡಿಸುವಾಗ ಅದನ್ನೇ ಕಡೆಯಲ್ಲಿ ಜೋಡಿಸಬೇಕು. ಧನ ತಂತಿಯನ್ನು ಮೊದಲು ಬಿಚ್ಚಹೋದರೆ ಸ್ಪ್ಯಾನರು ಚೌಕಟ್ಟಿಗೆ ತಾಗಿ ಬೆಂಕಿ ಹಾರೀತು. ಬೋಲ್ಟನ್ನು ಕಳಚಿದಾಗ ವಾಷರಿನ ಕೆಳಗೆ ತುಕ್ಕಿನ ಪದರ, ತಂತಿಯ ತುದಿಯಲ್ಲಿ ಹಸಿರು ಕಿಲುಬು. ಈ ಬಂಡಿಮನೆಯ ಮೊದಲ ಒಡೆಯರು ಉತ್ತರದ ಮಿಷಿಗನ್ ರಾಜ್ಯದವರಂತೆ. ಅಲ್ಲಿ ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ವರ್ಷಗಟ್ಟಲೆ ಸಿಡಿದು ಮಾಡಿದ ಕೆಲಸ ಇದು. ಮಗನೂ ನಾನೂ ಸ್ಯಾಂಡ್‌ಪೇಪರಿನಿಂದ ಉಕ್ಕು ಹೊಳೆಯುವ ತನಕ ಉಜ್ಜಿದೆವು. ಬ್ಯಾಟರಿಯ ಕೊನೆಗಳ ಮೇಲಿನ ಬಿಳಿಯ ಹುಡಿಯನ್ನು ಅಡಿಗೆ ಸೋಡದ ನೀರಿನಿಂದ ತೊಳೆದೆವು. ತಂತಿಗೆ ಹೊಸ ತುದಿ ಹಾಕಿ, ಹಲ್ಲಿರುವ ವಾಷರಿಟ್ಟು ಬಿಗಿದು, ನೀರು ತಾಗದಂತೆ ಮೇಲೆ ಗ್ರೀಸು ಬಳಿದೆವು. ಫ್ಯಾನು ಹಾಕಿ ಮತ್ತೆ ಅಳೆದಾಗ 2.9 ಇದ್ದದ್ದು ಸೊನ್ನೆಯ ನೆರೆಗೆ ಇಳಿದಿತ್ತು. ದುರಸ್ತಿಯಾದ ಮೇಲೆ ಮತ್ತೊಮ್ಮೆ ಅಳೆಯುವುದು ಕರಡನ್ನು ಎರಡನೆಯ ಸಲ ತಿದ್ದಿದಂತೆ; ಅದನ್ನು ಬಿಡಬಾರದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಾವು ಕೈಯಾಡಿಸಿದ್ದು 12 ವೋಲ್ಟಿನ ಕಡೆ. ಊರಿನ ವಿದ್ಯುತ್ತಿನ ಕಡೆ ಇಂಥ ಸಲಿಗೆ ಸಲ್ಲದು. ಅಲ್ಲಿ ಮನೆಯ ಮೈಯನ್ನು ನಿಜವಾದ ನೆಲಕ್ಕೆ ಸೇರಿಸುವ ರಕ್ಷಣೆಯ ತಂತಿ ಕಡಿದುಹೋಗಿ, ಜೊತೆಗೆ ಒಳಗೆಲ್ಲಿಯೋ ಸೋರಿಕೆಯಿದ್ದರೆ, ಬಂಡಿಮನೆಯ ಲೋಹದ ಹೊರಮೈಗೇ ವಿದ್ಯುತ್ತು ಬರುತ್ತದೆ. ಒಳಗಿದ್ದವರಿಗೆ ತಿಳಿಯದು, ಒದ್ದೆ ನೆಲದ ಮೇಲೆ ಕಾಲಿಟ್ಟು ಬಾಗಿಲ ಹಿಡಿ ಹಿಡಿದವರಿಗೆ ಪ್ರಾಣಾಂತಿಕ. ಸೋರಿಕೆ 5 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ ಸಂಪರ್ಕವನ್ನು ಕಡಿದುಹಾಕುವ ಸ್ವಿಚ್ಚುಗಳು ಅಲ್ಲಿ ರೂಢಿಯಲ್ಲಿವೆ; ಅದು ಪದೇ ಪದೇ ಬಿದ್ದರೆ ಸ್ವಿಚ್ಚನ್ನು ಶಪಿಸದೆ ಸೋರಿಕೆಯನ್ನು ಹುಡುಕಿಸಬೇಕು. ಟ್ರೇಲರಿಗೆಂದೇ ಇರುವ 30 ಆಂಪಿಯರಿನ 120 ವೋಲ್ಟಿನ ಸಾಕೆಟ್ಟನ್ನು ಬಟ್ಟೆ ಒಣಗಿಸುವ ಯಂತ್ರದ್ದೆಂದು ತಿಳಿದು 240 ವೋಲ್ಟಿಗೆ ಜೋಡಿಸಿ, ಸಾಮಾನುಗಳನ್ನು ಸುಟ್ಟುಕೊಂಡವರೂ ಉಂಟು. ಇಂಥಲ್ಲಿ ಬಲ್ಲವರನ್ನು ಕರೆಯುವುದೇ ಜಾಣತನ.

ಈ ಪ್ರಸಂಗದಿಂದ ನನಗೆ ನನ್ನ ಬಾಲ್ಯದ ಒಂದು ದೃಶ್ಯ ನೆನಪಾಯಿತು. 1960ರ ದಶಕದ ಕೊನೆಯಲ್ಲಿ ಹಾಸನ ಜಿಲ್ಲೆಯ ನಮ್ಮ ಹಳ್ಳಿಯ ಮನೆಗೆ ಒಂದು ವಾಲ್ವ್ ರೇಡಿಯೋ ಬಂತು. ಅದರಿಂದ ಎರಡು ತಂತಿಗಳು ಹೊರಟಿದ್ದವು. ಒಂದು ಮೇಲೆ, ಸೂರಿನ ಗಳುವಿಗೆ. ಇನ್ನೊಂದು ಕೆಳಗೆ, ಬಚ್ಚಲ ನೀರು ಹರಿಯುವ ಬಾಳೆಯ ಬುಡಕ್ಕೆ. ಬೇಸಗೆಯಲ್ಲಿ ರೇಡಿಯೋ ಗೊರಗುಟ್ಟಿದರೆ ಹುಡುಗರಾದ ನಾವು ಮೇಲಿನ ತಂತಿಯನ್ನು ಅಲುಗಿಸಲು ಸೂರು ಹತ್ತುತ್ತಿದ್ದೆವು. ನಮ್ಮ ತಂದೆ ಮಾತಿಲ್ಲದೆ ಒಂದು ಚೊಂಬು ನೀರು ತಂದು ಬಾಳೆಯ ಬುಡಕ್ಕೆ ಸುರಿಯುತ್ತಿದ್ದರು. ಬಹಳ ಸಲ ಅಷ್ಟಕ್ಕೇ ವಾರ್ತೆ ಸ್ಪಷ್ಟವಾಗುತ್ತಿತ್ತು. ಮೇಲಿನದು ಕಣ್ಣಿಗೆ ಕಾಣುತ್ತದೆ, ಕೆಳಗಿನದು ಕಾಣುವುದಿಲ್ಲ. ಅದಕ್ಕಾಗಿಯೇ ಕೆಳಗಿನದನ್ನು ಮೊದಲು ನೋಡಬೇಕು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೂ ಆಗ ನಾನು ಕೇಳುತ್ತಿದ್ದೆನೋ ಇಲ್ಲವೋ.

ಬ್ರೈಸ್‌ನಿಂದ ಹಿಂದಿರುಗುವ ದಾರಿ ಉದ್ದವಾದದ್ದು. ಹೆಂಗಸರೂ ಮಗುವೂ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದರು. ಹಿಂದೆ ಬಂಡಿಮನೆ ಸದ್ದಿಲ್ಲದೆ ಬರುತ್ತಿತ್ತು. ಅರಿಜೋನಾದ ಗಡಿ ದಾಟಿದ ಮೇಲೆ ಮಗ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ, 'ಅಪ್ಪ, ನಾಲ್ಕು ಪ್ರತಿಗಳಲ್ಲಿ ಒಂದೇ ತಪ್ಪಿದ್ದರೆ ಮೂಲದಲ್ಲೇ ತಪ್ಪು ಅಂದಿರಲ್ಲ. ಆ ಮೂಲ ಸಿಕ್ಕದೇ ಹೋದರೆ ಸರಿಯಾದ ಪಾಠ ಯಾವುದು ಅಂತ ಹೇಗೆ ಕಂಡುಹಿಡೀತೀರಿ?' ಎಂದು ಕೇಳಿದ. ಮೂವತ್ತು ವರ್ಷದ ಹಿಂದೆ ಕೇಳಿ ನಿಲ್ಲಿಸಿದ್ದ ಪ್ರಶ್ನೆ ಅದು. ನಾನು ಕನ್ನಡಕ ಒರೆಸಿಕೊಂಡು ಛಂದಸ್ಸಿನಿಂದ ಆರಂಭಿಸಿದೆ. ಮನೆ ಮುಟ್ಟುವ ತನಕ ಪಾಠ ಮುಗಿಯಲಿಲ್ಲ.